ಮಗಳು ಡಾಲ್ಫಿನ್ ಬಗ್ಗೆ ಓದ್ತೀನಿ ಅಂತಾಳೆ, ನಮ್ಮೂರು ಶ್ರೀನಿವಾಸಪುರ. ಏನು ಮಾಡೋದು?

ಮಾವಿನತೋಪು (ಶ್ರೀನಿವಾಸಪುರ)
ಎಲ್ಲರಿಗೂ ನಮಸ್ಕಾರ. ನಾನು ಮಾವು ಬೆಳೆಗಾರ. ಜೊತೆಗೆ ನಾಲ್ಕು ಸೀಮೆಹಸು ಇವೆ, ಡೇರಿಗೆ ಹಾಲು ಹಾಕ್ತೀವಿ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಮಾರ್ಕ್ಸ್ ಚೆನ್ನಾಗಿ ಬರುತ್ತೆ. ನರ್ಸಿಂಗೋ ಅಗ್ರಿ ಬಿಎಸ್ಸಿಯೋ ತಗೋತಾಳೆ ಅಂದುಕೊಂಡಿದ್ದೆವು. ಹೋದ ವಾರ ರಾತ್ರಿ ಊಟಕ್ಕೆ ಕೂತಾಗ, "ಅಪ್ಪಾ, ನಾನು ಸಮುದ್ರದ ಪ್ರಾಣಿಗಳ ಬಗ್ಗೆ ಓದ್ತೀನಿ. ಡಾಲ್ಫಿನ್, ತಿಮಿಂಗಿಲ ಇಂಥವು" ಅಂದಳು. ಮುರಿದ ಮುದ್ದೆ ಕೈಯಲ್ಲೇ ಉಳಿಯಿತು.

ಇವಳು ಸಮುದ್ರ ನೋಡಿರೋದು ಒಂದೇ ಸಲ. ಹೈಸ್ಕೂಲ್ ಟೂರಲ್ಲಿ ಮುರುಡೇಶ್ವರ, ಅದೂ ಎರಡು ಗಂಟೆ. ನಮ್ಮ ಕಡೆ 1,400 ಅಡಿ ಬೋರ್ ಕೊರೆಸಿದರೂ ನೀರು ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇವಳಿಗೆ ನೋಡಿದರೆ ಸಮುದ್ರವೇ ಬೇಕಂತೆ. ಅವರಮ್ಮ ಮೂರು ದಿನದಿಂದ ಮಾತಾಡ್ತಿಲ್ಲ.

ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ. ಹೂಂ ಅನ್ನೋಕೆ ಧೈರ್ಯ ಇಲ್ಲ. ಇಂಥ ಕೆಲಸ ಅಂತ ನಿಜವಾಗ್ಲೂ ಇದೆಯಾ? ಎಲ್ಲಿ ಓದಬೇಕು? ಎಷ್ಟು ವರ್ಷ? ಸಂಬಳ ಯಾವಾಗ ಶುರುವಾಗುತ್ತೆ? ಗೊತ್ತಿರೋರು ಹೇಳಿ.

ಕಿಟ್ಟಿ ಕೋಲಾರ
ಅಣ್ಣಾ, ಕೋಲಾರಮ್ಮನ ಕೆರೆಯಲ್ಲಿ ಡಾಲ್ಫಿನ್ ಬಿಡಿಸಿಬಿಡಿ. ಮಗಳು ಮನೆಯಿಂದಲೇ ಓಡಾಡಬಹುದು 😄

ಬಾಗೇಪಲ್ಲಿ ಬಸ್
ಕೆ.ಸಿ. ವ್ಯಾಲಿ ನೀರಲ್ಲಿ, ಅದೇ ಬೆಂಗಳೂರಿಂದ ಶುದ್ಧ ಮಾಡಿ ನಮ್ಮ ಕೆರೆಗೆ ಕಳಿಸೋ ಚರಂಡಿ ನೀರಲ್ಲಿ, ಡಾಲ್ಫಿನ್ ಬಿಟ್ಟರೆ ಅದು ಮಾರನೇ ದಿನ ವಾಪಸ್ ಬೆಂಗಳೂರಿಗೆ ಹೊರಡುತ್ತೆ.

ಲೆಕ್ಕದ ಪುಸ್ತಕ (ತುಮಕೂರು)
ತಮಾಷೆ ಸಾಕು, ಪಾಪ ಅವರು ಸೀರಿಯಸ್ಸಾಗಿ ಕೇಳಿದ್ದಾರೆ. ನಾನು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಡಿಗ್ರಿ ಮೂರು ವರ್ಷ, ಎಂಎಸ್ಸಿ ಎರಡು, ಪಿಎಚ್‌ಡಿ ಕಡಿಮೆ ಅಂದ್ರೆ ಐದು. ಆಗಲೇ ಹತ್ತು ವರ್ಷ ಆಯ್ತು. ಹದಿನೆಂಟು ವಯಸ್ಸಿನ ಹುಡುಗಿಗೆ ಇಪ್ಪತ್ತೆಂಟಾಗುತ್ತೆ. ಅಷ್ಟೊತ್ತಿಗೆ ನರ್ಸಿಂಗ್ ಮಾಡಿದ ಅವಳ ಕ್ಲಾಸ್‌ಮೇಟ್ ಆರು ವರ್ಷ ದುಡಿದಿರುತ್ತಾಳೆ. ಆಸೆ ಬೇರೆ, ಹೊಟ್ಟೆ ಬೇರೆ. ಮೊದಲು ಕೆಲಸ ಹಿಡಿಯಲಿ, ಆಮೇಲೆ ರಜೆ ಹಾಕಿ ಗೋಕರ್ಣಕ್ಕೆ ಹೋಗಿ ಡಾಲ್ಫಿನ್ ನೋಡಲಿ.

ಸಿರಾ ಸೀಮೆ
ಎಲ್ಲರೂ ಹಿಂಗೇ ಲೆಕ್ಕ ಹಾಕಿದ್ದರೆ ದೇಶದಲ್ಲಿ ಒಬ್ಬ ವಿಜ್ಞಾನಿನೂ ಇರ್ತಿರಲಿಲ್ಲ ಸಾರ್.

ಲೆಕ್ಕದ ಪುಸ್ತಕ (ತುಮಕೂರು)
ಬೇರೆಯವರ ಮಕ್ಕಳು ವಿಜ್ಞಾನಿ ಆಗಲಿ ಅನ್ನೋದು ಸುಲಭ. ನಿಮ್ಮ ಮಗ ಏನು ಓದ್ತಿದ್ದಾನೆ?

ಸಿರಾ ಸೀಮೆ
ಕಂಪ್ಯೂಟರ್ ಸೈನ್ಸ್. (ಸರಿ, ಒಪ್ಪಿಕೊಂಡೆ.)

ತಿಪಟೂರು ತೆಂಗು
ಮೀನುಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತಿ ಆದವನು ನಾನು. ತೋಪಿನವರೇ, ಮಂಗಳೂರಲ್ಲಿ ಮೀನುಗಾರಿಕೆ ಕಾಲೇಜಿದೆ. 1969ರಲ್ಲಿ ಶುರುವಾಗಿದ್ದು, ದೇಶದ ಮೊದಲ ಫಿಶರೀಸ್ ಕಾಲೇಜು. ಈಗ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತೆ. ಬಿಎಫ್‌ಎಸ್ಸಿ, ಅಂದ್ರೆ ಮೀನುಗಾರಿಕೆ ಡಿಗ್ರಿ, ನಾಲ್ಕು ವರ್ಷ. ಸೀಟು ಸಿಇಟಿ ಮೂಲಕ. ನೀವು ರೈತರು, ಅಗ್ರಿ ಬಿಎಸ್ಸಿಗೆ ಇರೋ ಹಾಗೆ ಇದಕ್ಕೂ ಕೃಷಿಕರ ಕೋಟಾ ಇದೆ. ಪ್ರಾಕ್ಟಿಕಲ್ ಪರೀಕ್ಷೆ ಬರೆಯಬೇಕು. ಹಸು, ತೋಟ ನೋಡಿ ಬೆಳೆದ ಮಗುವಿಗೆ ಅದೇನೂ ಕಷ್ಟ ಅಲ್ಲ. ಮುಗಿಸಿದ ಮೇಲೆ ಇಲಾಖೆ, ಬ್ಯಾಂಕು, ಸೀಗಡಿ ಕಂಪನಿ ಅಂತ ನಾಲ್ಕು ದಾರಿ ಇರುತ್ತೆ. ಡಾಲ್ಫಿನ್ ಆಮೇಲೆ ನೋಡ್ಕೊಳ್ಳಿ.

ಜೀವಶಾಸ್ತ್ರ ಮೇಡಂ (ಗೌರಿಬಿದನೂರು)
ತೆಂಗು ಸಾರ್ ಹೇಳಿದ್ದು ಸರಿ. ಆದರೆ ಒಂದು ವ್ಯತ್ಯಾಸ ಇದೆ. ಬಿಎಫ್‌ಎಸ್ಸಿಯಲ್ಲಿ ಮುಖ್ಯವಾಗಿ ಹೇಳಿಕೊಡೋದು ಮೀನು ಸಾಕೋದು, ಹಿಡಿಯೋದು, ಕೆಡದ ಹಾಗೆ ಇಡೋದು. ಈ ಹುಡುಗಿ ಕೇಳ್ತಿರೋದು ಸಾಗರ ಪರಿಸರ ವಿಜ್ಞಾನ. ಅದಕ್ಕೆ ಪ್ರಾಣಿಶಾಸ್ತ್ರ ಇಟ್ಟುಕೊಂಡು ಬಿಎಸ್ಸಿ, ಆಮೇಲೆ ಮರೈನ್ ಬಯಾಲಜಿ ಎಂಎಸ್ಸಿ. ನಮ್ಮ ರಾಜ್ಯದಲ್ಲೇ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರ ಇದೆ. ಹೊರಗೆ ಅಂದರೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರೋ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ.

ಇನ್ನೊಂದು ಮಾತು. ಡಾಲ್ಫಿನ್ ಮೀನಲ್ಲ. ನಮ್ಮ ಹಾಗೆ ಶ್ವಾಸಕೋಶದಲ್ಲಿ ಉಸಿರಾಡುತ್ತೆ, ಮರಿ ಹಾಕುತ್ತೆ, ಹಾಲು ಕುಡಿಸುತ್ತೆ. ಪ್ರತಿ ವರ್ಷ ಅರ್ಧ ಕ್ಲಾಸ್ ಇದನ್ನು ತಪ್ಪು ಬರೆಯುತ್ತೆ.

ಕಿಟ್ಟಿ ಕೋಲಾರ
ಹಾಲು ಕೊಡುತ್ತೆ ಅಂದ್ರೆ ತೋಪಿನ ಅಣ್ಣನ ಡೇರಿಗೆ ಅನುಕೂಲ ಆಯ್ತು ಬಿಡಿ.

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ಈ ಚರ್ಚೆಯನ್ನು ಗೆಳತಿ ಕಳಿಸಿದಳು. ಉತ್ತರ ಕೊಡದೆ ಇರೋಕೆ ಆಗಲಿಲ್ಲ. ಯಾಕೆ ಅಂದ್ರೆ ಆ ಹುಡುಗಿ ನಾನೇ. ಇಪ್ಪತ್ತೆರಡು ವರ್ಷದ ಹಿಂದಿನ ನಾನು. ಊರು ಚಿಂತಾಮಣಿ ಹತ್ತಿರದ ಹಳ್ಳಿ. ಅಪ್ಪನದು ರೇಷ್ಮೆ. ಈಗ ಕರಾವಳಿಯ ಒಂದು ಕಾಲೇಜಲ್ಲಿ ಪಾಠ ಮಾಡ್ತೀನಿ. ಸಂಶೋಧನೆ ಕರಾವಳಿಯ ಡಾಲ್ಫಿನ್ ಮತ್ತು ಅಳಿವೆಗಳ (ನದಿ ಸಮುದ್ರ ಸೇರೋ ಜಾಗಗಳ) ಮೇಲೆ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ನಾನು ಶುರು ಮಾಡಿದ್ದು ಸಮುದ್ರದಿಂದ ಅಲ್ಲ, ಕೆರೆಯಿಂದ. ಕೋಲಾರದಲ್ಲಿ ಬಿಎಸ್ಸಿ ಮಾಡುವಾಗ ಮೇಷ್ಟ್ರೊಬ್ಬರು ಕಪ್ಪು ಬಿಳಿ ಬಣ್ಣ ಬಳಿದ ಒಂದು ತಟ್ಟೆಗೆ ಹಗ್ಗ ಕಟ್ಟಿ ಕೆರೆಗೆ ಇಳಿಸಿದರು. ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತೋ ಅಷ್ಟು ನೀರಿನ ತಿಳಿ. ಸೆಕ್ಕಿ ಡಿಸ್ಕ್ ಅಂತಾರೆ. ನಮ್ಮ ಕೆರೆಯಲ್ಲಿ ಮೊಳ ಇಳಿಯೋದರೊಳಗೆ ಮಾಯ. ಇವತ್ತೂ ದೋಣಿಯಲ್ಲಿ ನನ್ನ ಬ್ಯಾಗಲ್ಲಿ ಅಂಥದೇ ತಟ್ಟೆ ಇರುತ್ತೆ.

ಎಂಎಸ್ಸಿಗೆ ಕಾರವಾರಕ್ಕೆ ಹೋದೆ. ಮೊದಲ ಸಲ ದೋಣಿ ಹತ್ತಿದ ದಿನ ಬೆಳಿಗ್ಗೆ ತಿಂದ ಇಡ್ಲಿ ಎಲ್ಲಾ ಕಾಳಿ ನದಿಗೆ ಅರ್ಪಣೆ ಆಯ್ತು. ದೋಣಿಯ ಅಜ್ಜ ನಕ್ಕು, "ಬಯಲುಸೀಮೆಯವರಾ?" ಅಂದರು. ವಾಂತಿ ನೋಡಿಯೇ ಊರು ಹೇಳಿದರು! ಅದೇ ದಿನ ನದಿ ಸಮುದ್ರ ಸೇರೋ ಕಡೆ ಮೂರು ಡಾಲ್ಫಿನ್ ಕಂಡವು. ನಮ್ಮ ಕಡಲಲ್ಲಿ ದಡದ ಹತ್ತಿರ ಜಾಸ್ತಿ ಕಾಣೋದು ಗೂನುಬೆನ್ನಿನ ಡಾಲ್ಫಿನ್. ಬೆನ್ನ ಮೇಲೆ ದಿಬ್ಬದ ಹಾಗೆ ಇರುತ್ತೆ, ಅದರ ಮೇಲೆ ಚಿಕ್ಕ ರೆಕ್ಕೆ. ಆಳ ಇಲ್ಲದ ನೀರು, ಅಳಿವೆ ಬಾಯಿ, ಅಂಥ ಜಾಗವೇ ಅದಕ್ಕೆ ಇಷ್ಟ. ಅಲ್ಲಿಯೇ ನಮ್ಮ ಬಂದರು, ಬಲೆ, ಚರಂಡಿ ಎಲ್ಲ ಇರೋದು. ಅದರ ಕಷ್ಟ ಅಲ್ಲಿಂದಲೇ ಶುರು.

ಈಗ ಕೆಲಸ ಏನು ಅಂತ ಹೇಳ್ತೀನಿ. ಟಿವಿಯಲ್ಲಿ ತೋರಿಸೋ ಹಾಗೆ ನೀರೊಳಗೆ ಡಾಲ್ಫಿನ್ ಜೊತೆ ಈಜೋದು ಅಲ್ಲವೇ ಅಲ್ಲ. ಬೆಳಗಿನ ಜಾವ ದೋಣಿ. ಬಿಸಿಲಲ್ಲಿ ಐದಾರು ಗಂಟೆ ಸುಮ್ನೆ ನೀರು ನೋಡೋದು. ಎಷ್ಟೋ ದಿನ ಏನೂ ಕಾಣಲ್ಲ. ಏನೂ ಕಾಣಲಿಲ್ಲ ಅಂತಲೇ ಬರೀಬೇಕು, ಅದೂ ಲೆಕ್ಕಕ್ಕೆ ಬೇಕು. ಕಂಡರೆ ಬೆನ್ನಿನ ರೆಕ್ಕೆಯ ಫೋಟೋ ತೆಗೀತೀವಿ. ಪ್ರತಿ ರೆಕ್ಕೆಯ ಅಂಚಲ್ಲೂ ಕಚ್ಚು, ಗಾಯದ ಗುರುತು ಬೇರೆ ಬೇರೆ ಇರುತ್ತೆ. ನೀವು ಮಂದೆಯಲ್ಲಿ ನಿಮ್ಮ ಕುರಿಯ ಕಿವಿ ಕಚ್ಚು ಗುರುತು ಹಿಡಿಯಲ್ವಾ, ಹಾಗೇ. ಆ ಫೋಟೋಗಳಿಂದ ಎಷ್ಟಿವೆ, ಯಾವುದು ಯಾರ ಜೊತೆ ಓಡಾಡುತ್ತೆ, ಮರಿ ಬದುಕಿತಾ ಅಂತ ವರ್ಷಗಟ್ಟಲೆ ನೋಡಬಹುದು. ಮಳೆಗಾಲದಲ್ಲಿ ದೋಣಿ ಬಂದ್. ಆಗ ಕಂಪ್ಯೂಟರ್ ಮುಂದೆ ಕೂತು ಅಂಕಿಅಂಶ. ನಿಜ ಹೇಳಬೇಕು ಅಂದ್ರೆ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಗಣಿತ ಬಿಡಬೇಡ ಅಂತ ಮಗಳಿಗೆ ಹೇಳಿ.

ಸತ್ತು ದಡಕ್ಕೆ ಬಿದ್ದ ಪ್ರಾಣಿ ನೋಡೋದೂ ಇದೇ ಕೆಲಸ. ಯಾರೋ ಫೋನ್ ಮಾಡ್ತಾರೆ, ಓಡಬೇಕು. ಅಷ್ಟೊತ್ತಿಗೆ ಕೊಳೆತು ಊದಿರುತ್ತೆ. ಆ ವಾಸನೆ ಮೂರು ಸಲ ಸೀಗೆಪುಡಿ ಹಾಕಿ ಸ್ನಾನ ಮಾಡಿದರೂ ಹೋಗಲ್ಲ. ಆದರೆ ಅದರಿಂದ ಗೊತ್ತಾಗೋದು ತುಂಬಾ ಇದೆ. ಹಲ್ಲು ಕೊಯ್ದು ನೋಡಿದರೆ ಮರದ ಕಾಂಡದ ಹಾಗೆ ಪದರಗಳಿರುತ್ತೆ, ಎಣಿಸಿದರೆ ವಯಸ್ಸು. ಹೊಟ್ಟೆಯಲ್ಲಿ ಮೀನಿನ ಕಿವಿಯ ಸಣ್ಣ ಕಲ್ಲುಗಳು ಕರಗದೆ ಉಳಿದಿರುತ್ತವೆ. ಅದರ ಆಕಾರ ನೋಡಿ ಯಾವ ಮೀನು ತಿಂದಿತ್ತು ಅಂತ ಹೇಳಬಹುದು.

ಲೆಕ್ಕದ ಪುಸ್ತಕದವರು ಹಾಕಿದ ಲೆಕ್ಕ ತಪ್ಪಲ್ಲ. ಉಳಿದದ್ದು ನಾಳೆ ಬರೀತೀನಿ, ಪಾತ್ರೆ ಬಿದ್ದಿದೆ.

ಮಾವಿನತೋಪು (ಶ್ರೀನಿವಾಸಪುರ)
ಮೇಡಂ, ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ವಾಸನೆ ವಿಷಯ ಬಂದಾಗ ಅವರಮ್ಮ ಎದ್ದು ಹೋದರು. ಮಗಳು ಮಾತ್ರ ಹಲ್ಲಿನ ಪದರದ ಭಾಗ ಮತ್ತೆ ಓದಿಸಿದಳು. ಫೀಸು, ಸಂಬಳದ ವಿಷಯನೂ ದಯವಿಟ್ಟು ಬರೆಯಿರಿ.

ಹೊನ್ನಾವರ ಟು ತುಮಕೂರು
ನಾನು ವಸಂತನರಸಾಪುರದಲ್ಲಿ ಕೆಲಸ ಮಾಡೋನು. ಊರು ಹೊನ್ನಾವರ, ಮನೆಯಲ್ಲಿ ಮೀನುಗಾರಿಕೆ. ಅಳಿವೆ ಮೇಡಂ ಬರೆದಿದ್ದು ಚೆನ್ನಾಗಿದೆ, ಆದರೆ ಇನ್ನೊಂದು ಕಡೆಯದೂ ಕೇಳಿ. ಡಾಲ್ಫಿನ್ ಅಂದ್ರೆ ನಿಮಗೆ ಮುದ್ದು. ನಮ್ಮ ಅಣ್ಣನಿಗೆ ಹರಿದ ಬಲೆ. ಬಲೆಗೆ ಬಿದ್ದ ಮೀನು ಎಳೆಯೋಕೆ ಬರುತ್ತವೆ, ಬಲೆ ಚಿಂದಿ ಮಾಡಿ ಹೋಗುತ್ತವೆ. ರಿಪೇರಿ ದುಡ್ಡು ಯಾರು ಕೊಡ್ತಾರೆ? ಪ್ರತಿ ವರ್ಷ ಯಾವುದೋ ಕಾಲೇಜಿಂದ ಹುಡುಗರು ಬಂದು ನೂರು ಪ್ರಶ್ನೆ ಇರೋ ಕಾಗದ ತರ್ತಾರೆ. ಚಹಾ ಕುಡೀತಾರೆ, ಹೋಗ್ತಾರೆ. ಏನು ಕಂಡುಹಿಡಿದರು ಅಂತ ಒಬ್ಬರೂ ವಾಪಸ್ ಬಂದು ಹೇಳಿದ್ದಿಲ್ಲ.

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ಹೊನ್ನಾವರದವರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಪಿಎಚ್‌ಡಿ ಮೊದಲ ವರ್ಷ ಅದೇ ನೂರು ಪ್ರಶ್ನೆಯ ಕಾಗದ ಹಿಡ್ಕೊಂಡು ಹೋಗಿದ್ದೆ. ಒಬ್ಬ ಅಮ್ಮ ಮೀನು ಒಣಗಿಸ್ತಾ, "ಮೊದಲು ಈ ಬುಟ್ಟಿ ಎತ್ತು, ಆಮೇಲೆ ಕೇಳು" ಅಂದರು. ಎರಡು ತಿಂಗಳು ಬುಟ್ಟಿ ಎತ್ತಿದೆ. ಕಾಗದದಲ್ಲಿ ಇಲ್ಲದ ವಿಷಯ ಆಗ ಗೊತ್ತಾಗಿದ್ದು. ಯಾವ ಗಾಳಿಗೆ ತಾರ್ಲೆ ಮೀನು ದಡಕ್ಕೆ ಬರುತ್ತೆ, ಅದರ ಹಿಂದೆ ಡಾಲ್ಫಿನ್ ಯಾವಾಗ ಬರುತ್ತೆ, ಯಾವ ಬಲೆಗೆ ಸಿಕ್ಕಿ ಸಾಯುತ್ತೆ, ಎಲ್ಲಾ ಅವರಿಗೆ ಗೊತ್ತಿತ್ತು. ಕಣ್ಣಿಬಲೆಗೆ ಸಿಕ್ಕಿದ ಡಾಲ್ಫಿನ್ ಮೇಲೆ ಬಂದು ಉಸಿರು ತಗೊಳ್ಳೋಕೆ ಆಗದೆ ಸಾಯುತ್ತೆ. ಅದನ್ನು ಹೇಳೋಕೆ ಮೀನುಗಾರರಿಗೆ ಭಯ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಡಾಲ್ಫಿನ್ ಇದೆ, ಹುಲಿ ಇರೋ ಪಟ್ಟಿ. ಕೇಸು ಬೀಳುತ್ತೆ ಅಂತ ಸುಮ್ನೆ ನೀರಿಗೆ ಬಿಟ್ಟುಬಿಡ್ತಾರೆ. ನಮ್ಮ ಲೆಕ್ಕಕ್ಕೆ ಸಿಗಲ್ಲ.

ವಾಪಸ್ ಹೋಗಿ ಹೇಳೋದು ನಾನೂ ಮೊದಲ ಮೂರು ವರ್ಷ ಮಾಡಿರಲಿಲ್ಲ. ಈಗ ಪ್ರತಿ ಆಗಸ್ಟಲ್ಲಿ, ಬಲೆ ಇಳಿಸೋ ಮೊದಲು, ಊರ ಸಭಾಭವನದಲ್ಲಿ ಫೋಟೋ ತೋರಿಸ್ತೀವಿ. ಹುಡುಗರು ಡಾಲ್ಫಿನ್‌ಗಳಿಗೆ ಸಿನಿಮಾ ಹೀರೋಗಳ ಹೆಸರಿಟ್ಟಿದ್ದಾರೆ. ಒಂದು ಮುದಿ ಡಾಲ್ಫಿನ್‌ಗೆ ಪಂಚಾಯ್ತಿ ಅಧ್ಯಕ್ಷರ ಹೆಸರಿಟ್ಟು ಸಣ್ಣ ಗಲಾಟೆನೂ ಆಯ್ತು.

ಹೊನ್ನಾವರ ಟು ತುಮಕೂರು
ಹಾಗಿದ್ರೆ ಸರಿ. ಬುಟ್ಟಿ ಎತ್ತಿದೋರು ಅಂದ್ರೆ ನಮ್ಮ ಕಡೆಯವರೇ.

ಬಾಗೇಪಲ್ಲಿ ಬಸ್
ಒಂದು ಡೌಟು. ತಿಮಿಂಗಿಲದ ವಾಂತಿಗೆ ಕೋಟಿ ಕೋಟಿ ಬೆಲೆ ಅಂತಾರಲ್ಲ, ಆಗಾಗ ಪೇಪರಲ್ಲೂ ಬರುತ್ತೆ. ಆ ಕೋರ್ಸ್ ಇದ್ರೆ ನನಗೂ ಹೇಳಿ.

ಜೀವಶಾಸ್ತ್ರ ಮೇಡಂ (ಗೌರಿಬಿದನೂರು)
ಅದು ಆಂಬರ್‌ಗ್ರಿಸ್. ವಾಂತಿ ಅನ್ನೋದು ಬಾಯಿಮಾತು. ಸ್ಪರ್ಮ್ ತಿಮಿಂಗಿಲ ಬೊಂಡಾಸ್ (ಸ್ಕ್ವಿಡ್) ಜಾತಿಯ ಪ್ರಾಣಿಗಳನ್ನು ತಿನ್ನುತ್ತೆ. ಅವುಗಳ ಗಟ್ಟಿ ಕೊಕ್ಕು ಅರಗಲ್ಲ. ಅದರ ಸುತ್ತ ಕರುಳಿನಲ್ಲಿ ಕಟ್ಟೋ ಗಡ್ಡೆ ಅದು. ಸುಗಂಧಕ್ಕೆ ಬಳಸ್ತಿದ್ದರು. ನಮ್ಮ ದೇಶದಲ್ಲಿ ಮಾರೋದು, ಕೊಳ್ಳೋದು ಅಪರಾಧ. ಅದರ ಕೋರ್ಸ್ ಪರಪ್ಪನ ಅಗ್ರಹಾರದಲ್ಲಿ ನಡೆಯುತ್ತೆ.

ಬಾಗೇಪಲ್ಲಿ ಬಸ್
ಅರ್ಜಿ ವಾಪಸ್ ತಗೊಂಡೆ ಮೇಡಂ.

ಪಾಲಾರ್ ಪ್ರೇಮಿ (ಬೇತಮಂಗಲ)
ಎಲ್ಲರೂ ಕೋಲಾರಕ್ಕೂ ಸಮುದ್ರಕ್ಕೂ ಏನು ಸಂಬಂಧ ಅಂತ ನಗ್ತಿದ್ದೀರಿ. ನಮ್ಮ ಜಿಲ್ಲೆಗಳ ನೀರೆಲ್ಲ ಹೋಗೋದು ಎಲ್ಲಿಗೆ? ಪಾಲಾರ್ ನಮ್ಮಲ್ಲಿ ಹುಟ್ಟಿ, ಬೇತಮಂಗಲ ಕೆರೆ ದಾಟಿ, ತಮಿಳುನಾಡಲ್ಲಿ ಕಲ್ಪಾಕ್ಕಂ ಹತ್ತಿರ ವಯಲೂರಲ್ಲಿ ಬಂಗಾಳಕೊಲ್ಲಿ ಸೇರುತ್ತೆ. ಉತ್ತರ ಪಿನಾಕಿನಿ ನೆಲ್ಲೂರು ಕಡೆ ಸೇರುತ್ತೆ. ದಕ್ಷಿಣ ಪಿನಾಕಿನಿ ಕಡಲೂರಲ್ಲಿ. ಮೂರು ನದಿ ಸಮುದ್ರಕ್ಕೆ ಕಳಿಸಿದ ಸೀಮೆ ಇದು. ಕರಾವಳಿಯವರಿಗಿಂತ ನಮಗೇನು ಕಡಿಮೆ?

ಕಿಟ್ಟಿ ಕೋಲಾರ
ನದಿ ಕಳಿಸಿದ್ದೀವಿ ಸರಿ, ನೀರು ಕಳಿಸಿದ್ದೀವಾ?

ಸಿರಾ ಸೀಮೆ
ನಮ್ಮ ತುಮಕೂರು ಸೇರಿಸಿ. ದೇವರಾಯನದುರ್ಗದ ಜಯಮಂಗಲಿ ಹೋಗಿ ಉತ್ತರ ಪಿನಾಕಿನಿ ಸೇರುತ್ತೆ. ಪಾಲಾರ್ ಅಂತೂ ನಂದಿ ಬೆಟ್ಟದಲ್ಲಿ ಹುಟ್ಟುತ್ತೆ ಅಲ್ವಾ?

ಪಾಲಾರ್ ಪ್ರೇಮಿ (ಬೇತಮಂಗಲ)
ತಪ್ಪು. ಚಿಂತಾಮಣಿ ತಾಲ್ಲೂಕಿನ ತಲಗವಾರ.

ಸಿರಾ ಸೀಮೆ
ಸ್ಕೂಲ್ ಪುಸ್ತಕದಲ್ಲಿ ನಂದಿ ಅಂತ ಓದಿದ ನೆನಪು.

ಪಾಲಾರ್ ಪ್ರೇಮಿ (ಬೇತಮಂಗಲ)
ನೆನಪು ಅಂತ ನೀವೇ ಹೇಳ್ತಿದ್ದೀರಿ. ತಲಗವಾರ.

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ನಮ್ಮ ತಾಲ್ಲೂಕಿನ ಮರ್ಯಾದೆ ಉಳಿಸಿದ್ದಕ್ಕೆ ಪಾಲಾರ್ ಅಣ್ಣನಿಗೆ ಥ್ಯಾಂಕ್ಸ್ 🙏 ಇದು ತಮಾಷೆ ಮಾತೂ ಅಲ್ಲ. ಒಳನಾಡಿನ ಗೊಬ್ಬರ, ಚರಂಡಿ ನೀರು ಎಲ್ಲ ಕೊನೆಗೆ ಅಳಿವೆಗೆ ಬರುತ್ತೆ. ಕೆರೆಯಲ್ಲಿ ಸಾರಜನಕ, ರಂಜಕ ಜಾಸ್ತಿಯಾದರೆ ಪಾಚಿ ಕಟ್ಟಿ ಹಸಿರಾಗುತ್ತಲ್ಲ, ಅಳಿವೆಯಲ್ಲೂ ಅದೇ ಕಥೆ. ಪಾಚಿ ಕಟ್ಟಿದರೆ ಕೆಳಗೆ ಬೆಳಕು ಹೋಗಲ್ಲ. ಬೆಳಕಿಲ್ಲದೆ ಸಮುದ್ರದ ಹುಲ್ಲು ಸಾಯುತ್ತೆ. ಹೆಸರು ಹುಲ್ಲು ಅಂತ ಅಷ್ಟೆ, ಆದರೆ ಪಾಚಿ ಅಲ್ಲ, ನಿಜವಾದ ಗಿಡ. ಹೂ ಬಿಡುತ್ತೆ, ಬೇರಿದೆ. ತಮಿಳುನಾಡು, ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯಲ್ಲಿ ಅದನ್ನು ಮೇಯೋಕೆ ಕಡಲ ಹಸು ಇದೆ. ಡ್ಯೂಗಾಂಗ್ ಅಂತಾರೆ, ಆನೆಯ ದೂರದ ನೆಂಟ. ದಿನಕ್ಕೆ 30-40 ಕಿಲೋ ಹುಲ್ಲು ಬೇಕು. 2022ರಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ಅದಕ್ಕೆ ಅಂತಲೇ 448 ಚದರ ಕಿ.ಮೀ. ಸಂರಕ್ಷಿತ ಪ್ರದೇಶ ಘೋಷಿಸಿತು. ತೋಪಿನ ಸಾರ್, ನಿಮ್ಮ ಮಗಳು ಹಸು ನೋಡಿಯೇ ಬೆಳೆದವಳು. ಅವಳಿಗೆ ಮೇವಿನ ಲೆಕ್ಕ ಹೊಸದಲ್ಲ.

ಈಗ ದುಡ್ಡಿನ ವಿಷಯ. ಬಿಎಸ್ಸಿ, ಎಂಎಸ್ಸಿ ಸರ್ಕಾರಿ ಜಾಗದಲ್ಲಿ ಮಾಡಿದರೆ ಇಂಜಿನಿಯರಿಂಗ್ ಅಷ್ಟು ಖರ್ಚಿಲ್ಲ. ಎಂಎಸ್ಸಿ ಆದ ಮೇಲೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕಿದರೆ ಪಿಎಚ್‌ಡಿಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮನೆಬಾಡಿಗೆ ಭತ್ಯೆ ಬೇರೆ. 2023ರಿಂದ ಈ ದರ. ನನ್ನ ಕಾಲದಲ್ಲಿ ತುಂಬಾ ಕಡಿಮೆ ಇತ್ತು. ಅಂದರೆ ಇಪ್ಪತ್ತೆಂಟರವರೆಗೂ ಅಪ್ಪ ಸಾಕಬೇಕು ಅಂತಿಲ್ಲ. ಆ ಒಂದು ಕಡೆ ಲೆಕ್ಕದ ಪುಸ್ತಕ ಜಾರಿತು.

ಆದರೆ ಕೆಟ್ಟದ್ದೂ ಹೇಳಬೇಕು. ಹಣ ಸರಿಯಾಗಿ ತಿಂಗಳು ತಿಂಗಳು ಬರಲ್ಲ. ನಾನು ಒಂದು ಸಂಸ್ಥೆಯಲ್ಲಿ ಪ್ರಾಜೆಕ್ಟ್ ಕೆಲಸ ಮಾಡುವಾಗ ಏಳು ತಿಂಗಳು ಒಂದು ಪೈಸೆ ಬರಲಿಲ್ಲ. ದೋಣಿ ಡೀಸೆಲ್‌ಗೆ ಕೈಯಿಂದ ಹಾಕಿದೆ. ಅಪ್ಪ ಗೂಡು ಮಾರಿದ ದುಡ್ಡು ಕಳಿಸಿದರು. ಪಿಎಚ್‌ಡಿ ಆದ ಮೇಲೂ ನಾಲ್ಕು ವರ್ಷ ಒಂದೊಂದು ವರ್ಷದ ಕೆಲಸ. ಒಂದು ಕಡೆ ನಾನು ಬರೆದ ಲೇಖನದಲ್ಲಿ ನನ್ನ ಹೆಸರು ನಾಲ್ಕನೆಯದಾಗಿ ಬಂತು. ಮೊದಲ ಹೆಸರಿನವರು ದೋಣಿ ಹತ್ತಿದ್ದನ್ನು ನಾನು ನೋಡಿಲ್ಲ. ಕಾಯಂ ಕೆಲಸ ಸಿಕ್ಕಾಗ ನನಗೆ ಮೂವತ್ತೈದು. ನನ್ನ ಜೊತೆ ಎಂಎಸ್ಸಿ ಮಾಡಿದವರಲ್ಲಿ ಈ ಕೆಲಸದಲ್ಲಿ ಉಳಿದಿರೋರು ನಾನು ಮತ್ತು ಇನ್ನೊಬ್ಬ. ಉಳಿದವರು ಬ್ಯಾಂಕ್, ಸ್ಕೂಲು, ಔಷಧಿ ಕಂಪನಿ. ಅವರೇನೂ ಸೋತಿಲ್ಲ, ಆರಾಮಾಗಿದ್ದಾರೆ.

ಲೆಕ್ಕದ ಪುಸ್ತಕ (ತುಮಕೂರು)
ಮೇಡಂ, ನಿಮ್ಮ ಜೊತೆ ವಾದ ಮಾಡೋಣ ಅಂತ ಬಂದೆ, ನನ್ನ ವಾದ ನೀವೇ ಮಾಡ್ತಿದ್ದೀರಿ. ಜೆಆರ್‌ಎಫ್ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಬೇಡಿಕೆ ಎಲ್ಲಿದೆ? ಡಾಲ್ಫಿನ್ ಎಣಿಸೋಕೆ ಯಾರು ದುಡ್ಡು ಕೊಡ್ತಾರೆ?

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ಒಳ್ಳೆ ಪ್ರಶ್ನೆ. ಉತ್ತರ ಕೇಳಿದರೆ ನಗ್ತೀರಿ. ಅಮೆರಿಕದವರು ತಿನ್ನೋ ಸೀಗಡಿ. ಅವರಲ್ಲೂ 1972ರದ್ದೇ ಒಂದು ಕಾನೂನಿದೆ, ಸಮುದ್ರ ಸಸ್ತನಿಗಳ ರಕ್ಷಣೆಗೆ. ಮೀನು ಹಿಡಿಯುವಾಗ ಡಾಲ್ಫಿನ್, ತಿಮಿಂಗಿಲ ಎಷ್ಟು ಸಾಯುತ್ತೆ, ಅದನ್ನು ಕಡಿಮೆ ಮಾಡೋಕೆ ಏನು ಮಾಡಿದ್ದೀರಿ ಅಂತ ಮೀನು ಕಳಿಸೋ ದೇಶಗಳು ಲೆಕ್ಕ ಕೊಡಬೇಕು. ಲೆಕ್ಕ ಕೊಡಬೇಕು ಅಂದ್ರೆ ಮೊದಲು ಎಷ್ಟಿವೆ ಅಂತ ಗೊತ್ತಿರಬೇಕಲ್ಲ? ನಮ್ಮ ಕಡಲಲ್ಲಿ 25ಕ್ಕಿಂತ ಹೆಚ್ಚು ಜಾತಿಯ ಸಸ್ತನಿಗಳಿವೆ. ಅದಕ್ಕೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅದೇ ಸಿಎಂಎಫ್‌ಆರ್‌ಐ, ದೇಶದ ಸುತ್ತ ಸಮೀಕ್ಷೆ ನಡೆಸಿದ್ದು. ಅದರ ಮುಖ್ಯ ಕಚೇರಿ ಕೊಚ್ಚಿ, ಮಂಗಳೂರು ಕಾರವಾರದಲ್ಲೂ ಕೇಂದ್ರ ಇದೆ. ಆಮೆ ವಿಷಯದಲ್ಲಿ ಆಗಲೇ ಏಟು ಬಿದ್ದಿದೆ. ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳೋ ಸಾಧನ ಇಲ್ಲ ಅಂತ 2019ರಲ್ಲಿ ಅಮೆರಿಕದವರು ನಮ್ಮ ಸಮುದ್ರದ ಸೀಗಡಿ ಬೇಡ ಅಂದರು.

ತಿಪಟೂರು ತೆಂಗು
ಇದನ್ನೇ ನಾನು ಹೇಳಿದ್ದು. ಕೊನೆಗೆ ಎಲ್ಲ ಮೀನುಗಾರಿಕೆಗೇ ಬರುತ್ತೆ. ಬಿಎಫ್‌ಎಸ್ಸಿ ಮಾಡಿಸಿ.

ಜೀವಶಾಸ್ತ್ರ ಮೇಡಂ (ಗೌರಿಬಿದನೂರು)
ಸಾರ್, ನಿಮಗೆ ಸೀಟು ಹಂಚೋ ಕೆಲಸ ಕೊಡಬೇಕು 😀 ಹುಡುಗಿ ಎರಡಕ್ಕೂ ಅರ್ಜಿ ಹಾಕಲಿ. ಅಂದಹಾಗೆ ಶ್ರೀಲಂಕಾದ ತಿಮಿಂಗಿಲ ವಿಜ್ಞಾನಿ ಆಶಾ ಡಿ ವೋಸ್ ಬಗ್ಗೆ ಅವಳಿಗೆ ಹೇಳಿ. ನೀಲಿ ತಿಮಿಂಗಿಲಗಳು ಹೊಟ್ಟೆ ತುಂಬಿಸಿಕೊಳ್ಳೋಕೆ ತಣ್ಣನೆ ಸಮುದ್ರಕ್ಕೇ ಹೋಗಬೇಕು ಅಂತ ಎಲ್ಲರೂ ನಂಬಿದ್ದರು. 2003ರಲ್ಲಿ ಆಕೆ ಶ್ರೀಲಂಕಾ ಹತ್ತಿರ ತಿಮಿಂಗಿಲದ ಲದ್ದಿ ತೇಲ್ತಿರೋದು ನೋಡಿದರು. ಲದ್ದಿ ಇದೆ ಅಂದ್ರೆ ಇಲ್ಲೇ ತಿನ್ನುತ್ತಿವೆ ಅಂತ ಅರ್ಥ ಅಲ್ವಾ? ಅಲ್ಲಿಂದ ಅವರ ಸಂಶೋಧನೆ ಶುರು.

ಕಿಟ್ಟಿ ಕೋಲಾರ
ಲದ್ದಿ ನೋಡಿ ವಿಜ್ಞಾನಿ ಆಗಬಹುದು ಅಂದ್ರೆ ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಪಿಎಚ್‌ಡಿ ಬಿದ್ದಿವೆ.

ಸಿರಾ ಸೀಮೆ
ನಗಬೇಡಿ. ನಮ್ಮ ತಾಲ್ಲೂಕಿನ ಕಗ್ಗಲಡುಗೆ ಬಂದು ನೋಡಿ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಕೆಳಗೆಲ್ಲ ಹಿಕ್ಕೆ, ವಾಸನೆ. ಊರವರು ಒಂದು ಕಲ್ಲು ಹೊಡೆಯಲ್ಲ, ಗೂಡಿರುವಾಗ ಹುಣಸೆನೂ ಇಳಿಸಲ್ಲ. ಈ ಹುಡುಗಿ ಮೊದಲು ಅಲ್ಲಿ ಒಂದು ವಾರ ಕೂತು ಎಣಿಸಲಿ. ತಾಳ್ಮೆ ಇದೆಯಾ ಇಲ್ವಾ ಗೊತ್ತಾಗುತ್ತೆ, ಖರ್ಚು ಬರೀ ಬಸ್ ಚಾರ್ಜು.

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ಇಡೀ ಚರ್ಚೆಯಲ್ಲಿ ಇದೇ ಒಳ್ಳೆ ಸಲಹೆ. ನನ್ನದಕ್ಕಿಂತ ಒಳ್ಳೇದು.

ಗುಬ್ಬಿ ಗೌಡ್ರು
ಎಲ್ಲಾ ಸರಿ. ಹೆಣ್ಣುಮಗು ಗಂಡಸರ ಜೊತೆ ದೋಣಿಯಲ್ಲಿ ದಿನಗಟ್ಟಲೆ ಹೋಗೋದು, ಮೂವತ್ತೈದಕ್ಕೆ ಕೆಲಸ. ಮದುವೆ ಯಾವಾಗ?

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ಗೌಡ್ರೇ, ಮೂವತ್ತೊಂದಕ್ಕೆ ಆಯ್ತು. ನೀವು ಊಟಕ್ಕೆ ಬಂದಿರಲಿಲ್ಲ ಅಷ್ಟೆ.

ದೋಣಿ ವಿಷಯಕ್ಕೆ ನೇರ ಉತ್ತರ ಕೊಡ್ತೀನಿ, ಯಾಕೆ ಅಂದ್ರೆ ಅವರಮ್ಮನಿಗೂ ಅದೇ ಚಿಂತೆ ಇರಬಹುದು. ದೋಣಿಯ ಅಜ್ಜ ನನ್ನನ್ನು ಮಗಳ ಹಾಗೆ ನೋಡ್ಕೊಂಡರು. ಕಷ್ಟ ಆಗಿದ್ದು ಶೌಚಾಲಯದ್ದು. ಆರು ಗಂಟೆ ಚಿಕ್ಕ ದೋಣಿಯಲ್ಲಿ ಮರೆ ಇರಲ್ಲ, ಅದಕ್ಕೆ ನೀರು ಕುಡಿಯದೆ ಇರ್ತಿದ್ದೆ. ಕಿಡ್ನಿ ಕಲ್ಲು ಬಂತು. ಈಗ ನನ್ನ ವಿದ್ಯಾರ್ಥಿನಿಯರಿಗೆ ಮೂರು ಗಂಟೆಗೊಮ್ಮೆ ದಡಕ್ಕೆ ಬರೋದು ಕಡ್ಡಾಯ ಮಾಡಿದ್ದೀನಿ. ಇನ್ನೊಂದು, ಈಜು. ನಾನು ಕಲಿತಿದ್ದು ನಮ್ಮೂರ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿ ಚಿಕ್ಕಪ್ಪ ನೂಕಿದ್ದು. ಈಗ ಬಾವಿಗಳಲ್ಲಿ ನೀರಿಲ್ಲ. ದಯವಿಟ್ಟು ಕೃಷಿ ಹೊಂಡದಲ್ಲಿ ಕಲಿಸಬೇಡಿ. ಪ್ಲಾಸ್ಟಿಕ್ ಹಾಳೆ ಜಾರುತ್ತೆ, ಹತ್ತೋಕೆ ಆಗಲ್ಲ. ಈಜುಕೊಳಕ್ಕೇ ಕಳಿಸಿ. ಎಷ್ಟೇ ಈಜು ಬಂದರೂ ದೋಣಿಯಲ್ಲಿ ಲೈಫ್ ಜಾಕೆಟ್ ಬಿಚ್ಚಂಗಿಲ್ಲ.

ಗುಬ್ಬಿ ಗೌಡ್ರು
ಸರಿ ತಾಯಿ. ಊಟದ ಮಾತಿಗೆ ನಕ್ಕೆ.

ಮಾವಿನತೋಪು (ಶ್ರೀನಿವಾಸಪುರ)
ಅಪ್ಪನ ಫೋನಿಂದ ನಾನು ಬರೀತಿದ್ದೀನಿ, ಮಗಳು. ಎಲ್ಲರಿಗೂ ಥ್ಯಾಂಕ್ಸ್. ಅಳಿವೆ ಮೇಡಂಗೆ ಒಂದು ಪ್ರಶ್ನೆ. ರೆಕ್ಕೆಯ ಕಚ್ಚು ನೋಡಿ ಗುರುತು ಹಿಡೀತೀರಿ ಅಂದ್ರಿ. ಬೆನ್ನಲ್ಲಿ ರೆಕ್ಕೆಯೇ ಇಲ್ಲದ ಪೋರ್ಪಾಯ್ಸ್ (ಡಾಲ್ಫಿನ್ ನೆಂಟ) ಕೂಡ ನಮ್ಮ ಕಡಲಲ್ಲಿ ಇದೆ ಅಂತ ಓದಿದೆ. ಅದನ್ನು ಹೇಗೆ ಎಣಿಸ್ತೀರಿ?

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ಅಬ್ಬಾ! ನನ್ನ ಎಂಎಸ್ಸಿ ಮಕ್ಕಳು ಇದನ್ನು ಎರಡನೇ ಸೆಮಿಸ್ಟರಲ್ಲಿ ಕೇಳ್ತಾರೆ, ಕೆಲವರು ಕೇಳೋದೇ ಇಲ್ಲ.

ಅದು ಭಾರೀ ನಾಚಿಕೆಯ ಪ್ರಾಣಿ ಪುಟ್ಟಿ. ಒಂದು ಕ್ಷಣ ಬೆನ್ನು ಕಾಣುತ್ತೆ, ಅಷ್ಟೊತ್ತಿಗೆ ಮುಳುಗಿರುತ್ತೆ. ಒಂದೊಂದನ್ನೇ ಗುರುತು ಹಿಡಿಯೋಕೆ ಆಗಲ್ಲ. ಅದಕ್ಕೆ ದೋಣಿಯನ್ನು ಒಂದೇ ನೇರದಲ್ಲಿ ಓಡಿಸಿ, ಎಷ್ಟು ದೂರದಲ್ಲಿ ಎಷ್ಟು ಕಂಡವು ಅಂತ ಬರ್ಕೋತೀವಿ. ಹತ್ತಿರದ್ದು ಜಾಸ್ತಿ ಕಾಣುತ್ತೆ, ದೂರದ್ದು ತಪ್ಪಿಹೋಗುತ್ತೆ. ಎಷ್ಟು ತಪ್ಪಿರಬಹುದು ಅಂತ ಲೆಕ್ಕ ಹಾಕೋಕೆ ಗಣಿತದ ದಾರಿ ಇದೆ. ಇನ್ನೊಂದು ದಾರಿ ಕಿವಿ. ಅದು ಮೀನು ಹುಡುಕೋಕೆ ಟಿಕ್ ಟಿಕ್ ಅಂತ ಶಬ್ದ ಮಾಡುತ್ತೆ. 100 ಕಿಲೋಹರ್ಟ್ಸ್‌ಗಿಂತ ಮೇಲೆ. ನಮ್ಮ ಕಿವಿಗೆ 20ರ ಆಚೆ ಕೇಳಲ್ಲ. ನೀರೊಳಗೆ ಮೈಕ್ ಇಳಿಸಿಟ್ಟರೆ ಅದು ದಾಖಲಿಸಿಕೊಳ್ಳುತ್ತೆ, ಕತ್ತಲಲ್ಲೂ. ಹೈಡ್ರೋಫೋನ್ ಅಂತ ಹುಡುಕು.

ತೋಪಿನ ಸಾರ್, ಡಿಸೆಂಬರಲ್ಲಿ ಕಡಲು ಶಾಂತವಾಗಿರುತ್ತೆ. ಬೆಂಗಳೂರಿಂದ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಕಾರವಾರ. ಮಗಳನ್ನೂ ಅವರಮ್ಮನನ್ನೂ ಕರ್ಕೊಂಡು ಬನ್ನಿ. ನಮ್ಮ ದೋಣಿಯಲ್ಲಿ ಒಂದು ದಿನ ಬರಲಿ. ಇಡ್ಲಿ ತಿನ್ನಿಸಬೇಡಿ.

ಮಾವಿನತೋಪು (ಶ್ರೀನಿವಾಸಪುರ)
ಈಗ ಅಪ್ಪ. ಬರ್ತೀವಿ ಮೇಡಂ. ಅವರಮ್ಮ ಇವತ್ತು ಮಾತಾಡಿದರು. "ಕೈ ಬೀಸಿಕೊಂಡು ಹೋಗೋದು ಚೆನ್ನಾಗಿರಲ್ಲ, ಏನು ತಗೊಂಡು ಹೋಗೋದು" ಅಂತ ಕೇಳಿದರು. ಡಿಸೆಂಬರಲ್ಲಿ ನಮ್ಮ ಹತ್ತಿರ ಮಾವು ಇರಲ್ಲ.

ಅಳಿವೆ (ಚಿಂತಾಮಣಿ, ಈಗ ಕರಾವಳಿ)
ಅವರೆಕಾಯಿ! ಸೊಗಡು ಇರೋದು. ಇಲ್ಲಿ ಸಿಗೋ ಅವರೆ ಅವರೆಯೇ ಅಲ್ಲ. ಎರಡು ಕೆಜಿ ಸಾಕು. ಬೇಡ, ಮೂರು ತನ್ನಿ.

ಹೊನ್ನಾವರ ಟು ತುಮಕೂರು
ಬರೋ ದಾರಿಯಲ್ಲಿ ಹೊನ್ನಾವರದಲ್ಲೂ ಇಳೀರಿ ಸಾರ್. ಅಣ್ಣನಿಗೆ ಹೇಳಿರ್ತೀನಿ, ಕಾಂಡ್ಲ (ಮ್ಯಾಂಗ್ರೋವ್) ಕಾಡು ತೋರಿಸ್ತಾನೆ. ಹರಿದ ಬಲೆನೂ ತೋರಿಸ್ತಾನೆ.

ಸಿರಾ ಸೀಮೆ
ಹಳೇ ಪುಸ್ತಕ ಹುಡುಕಿ ತೆಗೆದೆ. ನಂದಿ ಬೆಟ್ಟ ಅಂತಲೇ ಇದೆ.

ಪಾಲಾರ್ ಪ್ರೇಮಿ (ಬೇತಮಂಗಲ)
ಪುಸ್ತಕ ತಪ್ಪು. ಭಾನುವಾರ ಬನ್ನಿ, ತಲಗವಾರಕ್ಕೆ ನನ್ನ ಗಾಡಿಯಲ್ಲೇ ಕರ್ಕೊಂಡು ಹೋಗ್ತೀನಿ.